ಒಂದು ಹೆಚ್ಚು

ಸತ್ತವರನ್ನು ಹೊಗಳುವ ನೆಪದಲ್ಲಿ ಅವರ ಹೆಸರಿಗೆ ಒಂದು ತಪ್ಪನ್ನು ಶಾಶ್ವತವಾಗಿ ಗಂಟುಹಾಕಿಬಿಡುವ ಕಲೆ ನಮ್ಮ ಶ್ರದ್ಧಾಂಜಲಿ ಸಭೆಗಳಲ್ಲಿ ಚೆನ್ನಾಗಿ ಪಳಗಿದೆ. ಕಳೆದ ಶುಕ್ರವಾರ ಹೊಳೆನರಸೀಪುರದ ಹಳೆಯ ಛತ್ರದ ಜಗಲಿಯ ಮೇಲೆ, ನಾವೆಲ್ಲ ಅಕ್ಕಯ್ಯ ಎಂದು ಕರೆಯುತ್ತಿದ್ದವರ ಪಟಕ್ಕೆ ಸೇವಂತಿಗೆ ಹಾರ ಹಾಕಿ ಕುಳಿತಿದ್ದೆವು. ಹಾಸನದಿಂದ ಬಂದಿದ್ದ, ನಮ್ಮ ಹೊಲಿಗೆ ಸಂಘದ ಸದಸ್ಯೆಯೊಬ್ಬರು ಎದ್ದು ನಿಂತು, "ಅಷ್ಟು ವರ್ಷದ ಸೇವೆಯಲ್ಲಿ ಒಂದೇ ಒಂದು ಸಲ ಕೂಸಿನ ಬಟ್ಟೇಲಿ ಸೂಜಿ ಬಿಟ್ಟಿದ್ರು, ಪಾಪ. ಮನುಷ್ಯರು ಅಂದ್ಮೇಲೆ ಮರೆವು ಇದ್ದದ್ದೇ" ಎಂದರು. ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದಿದ್ದವರು ಮರುಕದಿಂದ ತಲೆಯಾಡಿಸಿದರು. ಪಟದಲ್ಲಿದ್ದ ಅಕ್ಕಯ್ಯ ಏನೂ ಹೇಳಲಿಲ್ಲ. ಬದುಕಿದ್ದಾಗಲೂ ಹೇಳಿರಲಿಲ್ಲ.

ಅಕ್ಕಯ್ಯ ಸೂಜಿ ಬಿಟ್ಟಿರಲಿಲ್ಲ. ಇದನ್ನು ಬಲ್ಲವಳು ಆ ಸಭೆಯಲ್ಲಿ ನಾನೊಬ್ಬಳೇ. ಆದರೂ ನಾನು ಕುರ್ಚಿಯಿಂದ ಏಳಲಿಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳು, ಐವತ್ತು ಮಕ್ಕಳ ಮುಂದೆ ಎಂದೂ ತಡವರಿಸದವಳು, ಅಂದು ಒಂದು ವಾಕ್ಯ ಆಡಲು ಹೆದರಿದೆ. ಈ ಬರಹವನ್ನೂ ಹೆದರಿಕೊಂಡೇ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡ ಸಂಸ್ಥೆಯೇನೂ ಅಲ್ಲ. ಸುತ್ತಲ ನಾಲ್ಕು ತಾಲ್ಲೂಕುಗಳ ಮನೆಗಳಿಂದ ಹಳೆಯ ಹತ್ತಿ ಸೀರೆಗಳನ್ನು ಕೂಡಿಸುತ್ತೇವೆ. ಹಂಡೆಯಲ್ಲಿ ಕುದಿಸಿ, ಛತ್ರದ ತಾರಸಿಯ ಮೇಲೆ ಒಣಗಿಸಿ, ನಾಲ್ಕು ಪದರ ಮಾಡಿ ಕೈಯಲ್ಲಿ ಹೊಲಿದು, ಹಸುಗೂಸುಗಳಿಗೆ ಹಾಸುಬಟ್ಟೆ ಮಾಡುತ್ತೇವೆ. ಹೆರಿಗೆಗೆ ಬರುವಾಗ ಒಂದು ತುಂಡು ಬಟ್ಟೆಯನ್ನೂ ತರಲಾಗದವರಿಗೆ ಪ್ರತಿ ಶನಿವಾರ ಆಸ್ಪತ್ರೆಯಲ್ಲಿ ಹಂಚುತ್ತೇವೆ. ಶುಕ್ರವಾರ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೊಲಿಗೆ. ಹತ್ತು ಹನ್ನೆರಡು ಹೆಂಗಸರು, ಇಪ್ಪತ್ತು ಸೂಜಿಗಳು, ಒಂದು ಲೆಕ್ಕದ ಪುಸ್ತಕ. ಪುಸ್ತಕ ನನ್ನದು. ಸೂಜಿಗಳು ಅಕ್ಕಯ್ಯನವು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅದಕ್ಕೂ ಒಂದು ಕಾರಣವಿದೆ. ಹಾಸುಬಟ್ಟೆಯ ಮೂಲೆಯಲ್ಲಿ ಸಂಘದ ಹೆಸರನ್ನು ಕಸೂತಿ ಹಾಕೋಣವೆಂದು ನಾನು ಸೂಚಿಸಿದಾಗ ಎಲ್ಲರೂ ಒಪ್ಪಿದ್ದರು. ಅಕ್ಕಯ್ಯ ದಾರ ಕಚ್ಚಿ ತುಂಡರಿಸುತ್ತ, "ಕೂಸು ಉಚ್ಚೆ ಉಯ್ಯೋ ಬಟ್ಟೆ ಮ್ಯಾಲೆ ದಾನ ಮಾಡ್ದೋರ ಎಸ್ರು ಯಾಕೆ ಮೇಡಮ್ಮ? ಅದ್ಕೇನ್ ಓದಾಕ್ ಬತ್ತದಾ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಸೂಚನೆ ಆ ನಗೆಯಲ್ಲಿ ಸತ್ತಿತು. ನಕ್ಕವರು ಯಾರ್ಯಾರೆಂಬುದು ಇಂದಿಗೂ ನೆನಪಿದೆ.

ಅಕ್ಕಯ್ಯ ದಂಡಿಗನಹಳ್ಳಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದವರು. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದು ನಿವೃತ್ತರಾಗಿದ್ದರು. ನಾಲ್ಕನೆಯ ತರಗತಿಯ ಓದು. ಕುಳ್ಳು ದೇಹ, ಹಣೆಯ ತುಂಬ ಕುಂಕುಮ, ಶುಂಠಿ ಬೇರಿನಂತೆ ಗಂಟುಗಂಟಾದ ಬೆರಳುಗಳು. ಸೂಜಿಗಳನ್ನು ಅವರು ಹಳೆಯ ಕಾಫಿಪುಡಿ ಡಬ್ಬದಲ್ಲಿ ಕಂಬಳಿಯ ತುಂಡಿಗೆ ಚುಚ್ಚಿ ಇಡುತ್ತಿದ್ದರು. ಹೊಲಿಗೆ ಮುಗಿದ ಮೇಲೆ ಒಂದೊಂದನ್ನೇ ಮುಟ್ಟಿ ಎಣಿಸುತ್ತಿದ್ದರು. ಇಪ್ಪತ್ತು ಆಗುವವರೆಗೆ ಯಾರನ್ನೂ ಎದ್ದು ಹೋಗಗೊಡುತ್ತಿರಲಿಲ್ಲ. ಎಣಿಕೆಗಿಂತ ಮೊದಲು ಇನ್ನೊಂದು ಕೆಲಸವಿರುತ್ತಿತ್ತು. ಸಿದ್ಧವಾದ ಪ್ರತಿಯೊಂದು ಹಾಸುಬಟ್ಟೆಯನ್ನೂ ಮಡಿಲಲ್ಲಿ ಹರಡಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಅದರ ಮೇಲಿಟ್ಟು ಈ ಅಂಚಿನಿಂದ ಆ ಅಂಚಿಗೆ ಒತ್ತುತ್ತ ಸಾಗುತ್ತಿದ್ದರು. ಕೈಯಲ್ಲಿ ನೋಡಿದರೆ ಸಾಲದೆ ಎಂದು ಒಮ್ಮೆ ಕೇಳಿದ್ದೆ.

"ಅಂಗೈ ಮರಗಟ್ಟೋಗದೆ ಮೇಡಮ್ಮ. ಏನ್ ಚುಚ್ಚುದ್ರೂ ಗೊತ್ತಾಗಕಿಲ್ಲ. ಕೆನ್ನೆ ಇನ್ನೂ ಎಳೇದು ನೋಡಿ" ಎಂದು ತಮ್ಮ ಸುಕ್ಕು ಬಿದ್ದ ಕೆನ್ನೆಯನ್ನು ತಟ್ಟಿ ತೋರಿಸಿದ್ದರು.

ಅವರ ಮಾತಿನಲ್ಲಿ ನಾನು ಮೆಚ್ಚುತ್ತಿದ್ದ ಒಂದು ಗುಣವಿತ್ತು. ಅಶುಭದ ಮಾತನ್ನು ಅವರ ನಾಲಿಗೆ ಆಡುತ್ತಲೇ ಇರಲಿಲ್ಲ. ಬಳೆ ಒಡೆದರೆ "ಬಳೆ ಎಚ್ಚುತು" ಎನ್ನುವರು. ಮನೆಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ಎಚ್ಚದೆ, ತರ್ಬೇಕು" ಎನ್ನುವರು. ದೀಪವನ್ನು ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ದೀಪ ಹಚ್ಚಿದ ಮೇಲಂತೂ 'ಸೂಜಿ' ಎಂಬ ಪದವೂ 'ಇಲ್ಲ' ಎಂಬ ಪದವೂ ಅವರ ಬಾಯಿಂದ ಬರುತ್ತಿರಲಿಲ್ಲ. ನಾನು ಇದನ್ನೇ ತರಗತಿಯಲ್ಲಿ ಪಾಠವಾಗಿ ಹೇಳಿದ್ದೆ. ನಮ್ಮ ಜನ ಕಳೆದುಹೋದದ್ದನ್ನು 'ಹೆಚ್ಚಿತು' ಎನ್ನುತ್ತಾರೆ ಎಂದು ಕರಿಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದಿದ್ದೆ. ಹಾಗೆ ಬರೆದಿದ್ದ ಕೈಯೇ ಮುಂದೆ ಏನು ಬರೆಯಿತೆಂಬುದನ್ನು ಹೇಳುವ ಮೊದಲು, ನನಗೂ ಅವರಿಗೂ ನಡುವೆ ಬೆಳೆದಿದ್ದ ಮುನಿಸನ್ನು ಹೇಳಬೇಕು.

ನಾನು ಸೇರಿದ ಎರಡನೆಯ ವಾರ ನನ್ನ ಹೊಲಿಗೆಯನ್ನು ಅವರು ಹನ್ನೊಂದು ಜನರ ಮುಂದೆ ಬಿಚ್ಚಿ ಹಾಕಿದರು. "ಇಷ್ಟುದ್ದ ಒಲಿಗೆ ಆಕುದ್ರೆ ಕೂಸಿನ್ ಬೆಳ್ಳು ಸಿಕ್ಕಾಕಂತದೆ ಮೇಡಮ್ಮ. ಇದು ಪರೀಕ್ಷೆ ಪೇಪರ್ ಒಲ್ಯೋ ಒಲಿಗೆ ಅಲ್ಲ" ಎಂದರು. ಅದು ಮೊದಲನೆಯದು. ಕೆಲವು ತಿಂಗಳ ಬಳಿಕ ಒಂದು ಸಂಜೆ ಎಣಿಕೆ ಹತ್ತೊಂಬತ್ತಕ್ಕೇ ನಿಂತಿತು. ಪುಸ್ತಕದ ಹಾಳೆ ಕಿತ್ತುಬಂದಿತ್ತೆಂದು ಅದನ್ನು ಹೊಲಿಯಲು ಒಂದು ಸೂಜಿ ಒಳಗೆ ಒಯ್ದಿದ್ದೆ, ಮರೆತಿದ್ದೆ. ಅಕ್ಕಯ್ಯ ಹೊಸ್ತಿಲ ಮೇಲೆ ಅಡ್ಡ ಕುಳಿತರು. "ಮೇಡಮ್ಮ, ನಿಮ್ ಚೀಲ ಒಸಿ ನೋಡಿ" ಎಂದರು. ನಾನು ನೋಡುವುದಿಲ್ಲ ಎಂದೆ. "ಟೀಚರಮ್ಮನ್ ಕೈಲಿದ್ರೂ ಚುಚ್ಚೋದು ಚುಚ್ಚೋದೇ ಕಣಿ" ಎಂದರು. ಅರ್ಧ ಗಂಟೆ ಎಲ್ಲರೂ ಕಾದರು. ಕೊನೆಗೆ ಅದು ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಸಿಕ್ಕಿತು.

"ನಾನೇನು ಕಳ್ಳಿಯಾ? ಇನ್ನು ಮೇಲೆ ನನ್ನ ಹತ್ತಿರ ಇಂಥದ್ದು ಕೇಳಬೇಡಿ" ಎಂದೆ.

ಅವರು ಹೊಸ್ತಿಲಿಂದ ಎದ್ದು ದಾರಿ ಬಿಟ್ಟರು. "ಆಯ್ತು ಬುಡಿ. ಕೇಳಕಿಲ್ಲ."

ಆ ಮಾತನ್ನು ಅವರು ಉಳಿಸಿಕೊಂಡರು. ಅದೇ ನಮಗೆ ಮುಳುವಾಯಿತು.

ಈಗ ಆರು ವರ್ಷದ ಹಿಂದಿನ ಆ ಶುಕ್ರವಾರ. ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ದಾರ, ನನ್ನದು ನೀಲಿ. ಆ ವಾರ ಆರು ಹಾಸುಬಟ್ಟೆ ಸಿದ್ಧವಾಗಿದ್ದವು, ಎರಡು ನನ್ನವು. ಅಕ್ಕಯ್ಯ ಉಳಿದ ನಾಲ್ಕರ ಮೇಲೆ ಕೆನ್ನೆ ಒತ್ತುತ್ತಿದ್ದಾಗ ನನ್ನ ಎರಡನ್ನೂ ನಾನೇ ಮಡಿಸಿ ಚೀಲದ ತಳಕ್ಕೆ ಹಾಕಿದೆ. ಮತ್ತೊಮ್ಮೆ ಹತ್ತು ಜನರ ಮುಂದೆ ನನ್ನ ಹೊಲಿಗೆ ಬಿಚ್ಚಿಸಿಕೊಳ್ಳಲು ನಾನು ತಯಾರಿರಲಿಲ್ಲ.

"ಆ ಎರಡು?" ಎಂದರು.

"ನಾನೇ ನೋಡಿದ್ದೇನೆ" ಎಂದೆ. ನೋಡಿರಲಿಲ್ಲ.

ಒಳಕೋಣೆಗೆ ಹೋಗಿ ಪುಸ್ತಕ ತೆರೆದೆ. ಜಗಲಿಯಲ್ಲಿ ಯಾರೋ ದೀಪ ಹಚ್ಚಿದ್ದರು. ಡಬ್ಬದ ಮುಚ್ಚಳದ ಸದ್ದಾಯಿತು. ಹೊರಗಿನಿಂದ ಅಕ್ಕಯ್ಯನ ದನಿ ಕೇಳಿಸಿತು: "ಒಂದು ಎಚ್ಚದೆ ಮೇಡಮ್ಮ."

ಒಂದು ಹೆಚ್ಚಿದೆ. ಯಾರೋ ಮನೆಯಿಂದ ತಮ್ಮದೊಂದು ತಂದಿರಬೇಕೆಂದುಕೊಂಡೆ. ಇಷ್ಟು ಸಣ್ಣದನ್ನೂ ನನಗೆ ಕೂಗಿ ಹೇಳಬೇಕೇ ಎಂದು ರೇಗಿತು. "ಇರಲಿ ಬಿಡಿ, ನಾನು ನೋಡ್ಕೋತೀನಿ" ಎಂದು ಗಟ್ಟಿಯಾಗಿ ಹೇಳಿ, ಸೂಜಿಯ ಸಾಲಿನಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲಿ 'ಒಂದು ಹೆಚ್ಚು' ಎಂದು ಬರೆದೆ. ಅವರು, ಹಿಂದಿನ ಸಲದಂತೆ ಅದು ನನ್ನ ಕನ್ನಡಕದ ಪೆಟ್ಟಿಗೆಯಲ್ಲಿದೆ, ಕೇಳಿದರೆ ನಾನು ಸಿಟ್ಟಾಗುತ್ತೇನೆ ಎಂದು ಭಾವಿಸಿ ಡಬ್ಬ ಮುಚ್ಚಿದರು. ಶನಿವಾರ ಬೆಳಿಗ್ಗೆ ಆರು ಹಾಸುಬಟ್ಟೆಗಳೂ ವಾರ್ಡಿಗೆ ಹೋದವು.

ಸೋಮವಾರ ಮುಂಜಾನೆ ಅಕ್ಕಯ್ಯ ನನ್ನ ಮನೆಯ ಗೇಟಿನಾಚೆ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಕೇಳ್ಬ್ಯಾಡಿ ಅಂದಿದ್ರಿ. ಆದ್ರೂ ಎರಡ್ ದಿನದಿಂದ ಅನ್ನ ಗಂಟ್ಲಾಗ್ ಇಳೀನಿಲ್ಲ. ಆ ಒಂದು ನಿಮ್ತಾವ್ಲೇ ಐತಲ್ವಾ ಮೇಡಮ್ಮ?"

"ಯಾವುದು?"

"ಸುಕ್ರವಾರ ಎಚ್ಚಿತ್ತಲ್ಲ, ಅದು."

"ಹೆಚ್ಚಿದ್ದರೆ ನಿಮ್ಮ ಡಬ್ಬದಲ್ಲೇ ಇರಬೇಕಲ್ಲ. ಇಪ್ಪತ್ತೊಂದು."

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿದ್ದಿಲ್ಲ. "ಅತ್ತೊಂಬತ್ತೇ ಕಣಿ ಇರಾದು" ಎಂದು ತೀರ ಮೆಲ್ಲಗೆ ಹೇಳಿದರು. "ದೀಪ ಅಚ್ಚಿದ್ರು. ಇಲ್ಲ ಅಂತ ಎಂಗೆ ಏಳ್ಳಿ?"

ಕಾಲ ಕೆಳಗಿನ ಕಲ್ಲು ಜರುಗಿದಂತಾಯಿತು. ಕರಿಹಲಗೆ, ಅದರ ಮೇಲಿನ ನನ್ನ ಅಕ್ಷರ, ಕೆಳಗೆ ಎಳೆದಿದ್ದ ಗೆರೆ ಕಣ್ಣ ಮುಂದೆ ಬಂದವು. ಎಲ್ಲೋ ಒಂದು ಹಸುಗೂಸು ಎರಡು ದಿನದಿಂದ ಆ ಸೂಜಿಯ ಮೇಲೆ ಮಲಗಿತ್ತು.

ಆಸ್ಪತ್ರೆಗೆ ಓಡಿದೆವು. ಓಡಿದೆವು ಎನ್ನುವುದು ಅಲಂಕಾರವಲ್ಲ. ಅರವತ್ತೈದು ದಾಟಿದ ಇಬ್ಬರು ಹೆಂಗಸರು ಪೇಟೆಬೀದಿಯಲ್ಲಿ ಸೆರಗು ಸುತ್ತಿಕೊಂಡು ಓಡಿದ್ದನ್ನು ಅಂಗಡಿಯವರು ಎದ್ದು ನೋಡಿದರು. ವಾರ್ಡಿನಲ್ಲಿ ನಾಲ್ಕು ಹಾಸುಬಟ್ಟೆಗಳು ಸಿಕ್ಕವು. ಅಕ್ಕಯ್ಯ ಅವುಗಳ ಮೇಲೆ ಮತ್ತೆ ಕೆನ್ನೆ ಒತ್ತಿದರು. ನೀಲಿ ದಾರದ ಎರಡೂ ಅಲ್ಲಿರಲಿಲ್ಲ. ಆ ಬಾಣಂತಿಯರು ಭಾನುವಾರವೇ ಊರಿಗೆ ಹೋಗಿದ್ದರು. ಒಬ್ಬಳು ಮೊಸಳೆ ಎಂಬ ಊರಿಗೆ, ಇನ್ನೊಬ್ಬಳು ಕೊಣನೂರಿನಾಚೆಯ ಒಂದು ಹಳ್ಳಿಗೆ.

ನರ್ಸಮ್ಮ ಮೊಸಳೆಯ ಮನೆಗೆ ಫೋನು ಹಚ್ಚಿಕೊಟ್ಟರು. ಅಲ್ಲಿಯ ಅಜ್ಜಿಗೆ ನಾನು ವಿಷಯ ಹೇಳಿದೆ. ಫೋನು ಕೆಳಗಿಟ್ಟು ಹೋದರು. ದೂರದಲ್ಲಿ ಒಂದು ಕೋಳಿ ಕೂಗುವುದು ಮಾತ್ರ ಕೇಳುತ್ತಿತ್ತು. ಮರಳಿ ಬಂದು, "ಎಲ್ಲಾ ಇಸುಕಿ ನೋಡ್ದೆ ಕಣಮ್ಮ. ಏನೂ ಇಲ್ಲ" ಎಂದರು. 'ಇಲ್ಲ' ಎಂಬ ಪದ ಅಷ್ಟು ಮಂಗಳಕರವಾಗಿ ನನ್ನ ಕಿವಿಗೆ ಅದುವರೆಗೆ ಬಿದ್ದಿರಲಿಲ್ಲ. ಆದರೆ ಅದರ ಅರ್ಥ ಮರುಕ್ಷಣವೇ ಹೊಳೆಯಿತು. ಕೊಣನೂರಿನ ನಂಬರು ಸ್ವಿಚ್ ಆಫ್ ಆಗಿತ್ತು.

ಕೊಣನೂರಿನ ಬಸ್ಸಿನಲ್ಲಿ ಅಕ್ಕಯ್ಯ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತಾವೇ ಬಸ್ಸನ್ನು ತಳ್ಳುತ್ತಿರುವಂತೆ ಬಾಗಿ ಕುಳಿತಿದ್ದರು. ಅರಕಲಗೂಡು ದಾಟುವಾಗ ನನಗೆ ನೆನಪಾಯಿತು. ಶುಕ್ರವಾರ ಎರಡನೆಯ ಹಾಸುಬಟ್ಟೆಯ ಅಂಚು ಮಡಿಸುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತ್ತು. ಸೂಜಿಯನ್ನು ಮಡಿಕೆಯೊಳಗೆ ಸಿಕ್ಕಿಸಿ ಎದ್ದು ಹೋಗಿದ್ದೆ. ಬಂದವಳು ಪಕ್ಕದಲ್ಲಿದ್ದ ಇನ್ನೊಂದು ಸೂಜಿಗೆ ನೀಲಿ ದಾರ ಪೋಣಿಸಿ ಹೊಲಿಗೆ ಮುಂದುವರಿಸಿದ್ದೆ. ಅಂಚನ್ನು ಮುಚ್ಚಿದ್ದೆ. ಹೇಳಬೇಕೆಂದು ತಿರುಗಿದೆ. ಅಕ್ಕಯ್ಯನ ತುಟಿಗಳು ಎಣಿಸುವಂತೆ ಅಲುಗಾಡುತ್ತಿದ್ದವು. ಮತ್ತೆ ಕಿಟಕಿಯ ಕಡೆ ತಿರುಗಿದೆ.

ಕೊಣನೂರಿನಿಂದ ಆಟೋ. ಆ ಮನೆಯ ಅಜ್ಜಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು.

"ಕೂಸೆಲ್ಲವ್ವ?" ಎಂದರು ಅಕ್ಕಯ್ಯ.

"ಒಳಗದೆ. ರಾತ್ರಿಯಿಂದ ಒಂದೇ ಸಮ ಅತ್ತೂ ಅತ್ತೂ ಈಗ ಸುಮ್ಕಾಯ್ತು. ಯಾಕವ್ವ, ಯಾರು ನೀವು?"

ಸುಮ್ಕಾಯ್ತು. ನಾನು ಬಾಗಿಲಿಗೆ ನುಗ್ಗಿದೆ. ಅಕ್ಕಯ್ಯ ನನ್ನ ತೋಳು ಹಿಡಿದು ನಿಲ್ಲಿಸಿ, ತಂಬಿಗೆಯ ನೀರಿನಿಂದ ತಮ್ಮ ಕಾಲನ್ನೂ ನನ್ನ ಕಾಲನ್ನೂ ತೊಳೆದರು. ಬಾಣಂತಿ ಕೋಣೆಗೆ ಬೀದಿಯ ಕಾಲಿನಲ್ಲಿ ಹೋಗಬಾರದು. ಅಷ್ಟು ಭಯದಲ್ಲೂ ಅವರು ಅದನ್ನು ಮರೆಯಲಿಲ್ಲ.

ಒಳಗೆ ಮಬ್ಬು. ಬಾಣಂತಿ ಗೋಡೆ ಕಡೆ ಮಲಗಿದ್ದಳು. ಕೂಸು ಹಾಸುಬಟ್ಟೆಯ ಮೇಲೆ ಅಲುಗದೆ ಮಲಗಿತ್ತು. ಅಂಚಿನಲ್ಲಿ ನನ್ನ ನೀಲಿ ದಾರ. ಅಕ್ಕಯ್ಯ ಒಂದೇ ಹಿಡಿತದಲ್ಲಿ ಕೂಸನ್ನೆತ್ತಿ ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಅವರು ಹಾಸುಬಟ್ಟೆಯ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಅಂಚಿನಗುಂಟ ಸಾಗಿದರು. ಕಾಲಿನ ಕಡೆಯ ಮೂಲೆಯಲ್ಲಿ ನಿಂತರು. ತಲೆಯೆತ್ತಿದಾಗ ಕೆನ್ನೆಯ ಮೇಲೆ ಒಂದು ರಕ್ತದ ಬಿಂದು ಇತ್ತು.

ಹಲ್ಲಿನಿಂದ ಹೊಲಿಗೆ ಕಿತ್ತು ಸೂಜಿಯನ್ನು ಹೊರಗೆಳೆದರು. ಅದರ ಕಣ್ಣಲ್ಲಿ ಗೇಣುದ್ದ ನೀಲಿ ದಾರ ಇನ್ನೂ ಇತ್ತು. ಕೂಸಿನ ಬಟ್ಟೆ ಬಿಚ್ಚಿ ಬೆನ್ನು, ತೊಡೆ, ಪಾದ ನೋಡಿದರು. ಎಡ ಮೀನಖಂಡದ ಮೇಲೆ ಕೂದಲಿನಷ್ಟು ತೆಳುವಾದ ಒಂದು ಕೆಂಪು ಗೀರು.

ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. "ಅಯ್ಯೋ ನಿಮ್ ಮನೆ ಆಳಾಗ! ಧರ್ಮ ಮಾಡಾಕ್ ಬಂದ್ರೋ, ಕೂಸಿನ್ ಕುತ್ತಾಕ್ ಬಂದ್ರೋ? ಯಾವಳ್ ಒಲ್ದಿದ್ದು ಇದ್ನ?"

ಆ ಪ್ರಶ್ನೆಗೆ ಉತ್ತರ ನಾನು. ಕೂಸು ನನ್ನ ತೋಳಿನಲ್ಲಿತ್ತು.

"ನಂದೇ ತಪ್ಪು ಕಣವ್ವ" ಎಂದರು ಅಕ್ಕಯ್ಯ. "ಎಣ್ಸೋಳು ನಾನು. ಬೈಯಿ. ಬೈದು ಬ್ಯಾಗ ಕೂಸ್ಗೆ ಸುತ್ತಾಕೆ ಒಂದು ಸಾಲು ತತ್ತಾ. ದಾಕುಟ್ರಿಗೆ ತೋರ್ಸಾನ."

ಕೊಣನೂರಿನ ಡಾಕ್ಟರು ಗೀರು ಒರೆಸಿ, ಚುಚ್ಚಿಲ್ಲ, ತರಚಿದೆ ಅಷ್ಟೆ, ಅಳು ಹೊಟ್ಟೆಯುಬ್ಬರದ್ದು ಎಂದರು. ದಾರಿಯುದ್ದಕ್ಕೂ ಅಜ್ಜಿಯ ಬೈಗುಳ ನಿಂತಿರಲಿಲ್ಲ. ಅಕ್ಕಯ್ಯ ಒಂದಕ್ಕೂ ಎದುರಾಡಿರಲಿಲ್ಲ. ನನ್ನನ್ನು ಯಾರಾದರೂ ಅದರ ನೂರರಲ್ಲೊಂದು ಪಾಲು ಬೈದಿದ್ದರೆ ಇಂದಿಗೂ ಪದಶಃ ಒಪ್ಪಿಸುತ್ತಿದ್ದೆ. ಅವರಿಗೆ ಬಿದ್ದ ಬೈಗುಳಗಳಲ್ಲಿ ನನಗೆ ಅರ್ಧವೂ ನೆನಪಿಲ್ಲ. ಇದನ್ನು ಬರೆಯುವಾಗಲೇ ಅದು ಗಮನಕ್ಕೆ ಬಂತು.

ಮರಳುವ ಬಸ್ಸಿನಲ್ಲಿ ಅವರು ಸೆರಗಿನ ಗಂಟು ಬಿಚ್ಚಿ ಸೂಜಿಯನ್ನು ತೆಗೆದು, ನೀಲಿ ದಾರವನ್ನು ಅದಕ್ಕೇ ಸುತ್ತಿ ನನ್ನ ಕೈಗಿಟ್ಟರು. "ನೋಡ್ಕತೀನಿ ಅಂದಿದ್ರಲ್ಲ ಮೇಡಮ್ಮ. ಇಟ್ಕಳಿ."

ಅದು ಚುಚ್ಚುಮಾತೇ, ನಂಬಿಕೆಯೇ? ಅವಮಾನಗಳನ್ನು ಗುರುತಿಸುವುದರಲ್ಲಿ ನಾನು ಎಂದೂ ಎಡವಿದವಳಲ್ಲ. ಇದೊಂದನ್ನು ಆರು ವರ್ಷದಿಂದ ತೂಗುತ್ತಿದ್ದೇನೆ, ತಕ್ಕಡಿ ನಿಲ್ಲುತ್ತಿಲ್ಲ.

ಮುಂದಿನ ಶುಕ್ರವಾರ ಅಕ್ಕಯ್ಯ ಎಲ್ಲರ ಮುಂದೆ ತಪ್ಪು ತಮ್ಮದೆಂದು ಹೇಳಿ, ಡಬ್ಬವನ್ನು ಅರಕಲಗೂಡಿನ ಸದಸ್ಯೆಯೊಬ್ಬರ ಕೈಗೆ ಕೊಟ್ಟರು. "ಇನ್ ಮ್ಯಾಕೆ ಈ ಜಗ್ಲಿ ಮ್ಯಾಲೆ ದೀಪ ಅಚ್ಚುದ್ರೂ ಸರಿ, ಏನಾರ ಇಲ್ಲ ಅಂದ್ರೆ ಇಲ್ಲ ಅಂತ್ಲೇ ಏಳಿ. ಸೂಜೀನ ಸೂಜಿ ಅಂತ್ಲೇ ಅನ್ನಿ" ಎಂದರು. ಆ ಪದಗಳನ್ನು ಆಡುವಾಗ ಬಾಯಿಗೆ ಬೇವು ಬಿದ್ದವರಂತೆ ಮುಖ ಕಿವುಚಿದರು. ಹೊಸ ಸೂಜಿಯೊಂದು ಬಂದು ಎಣಿಕೆ ಮತ್ತೆ ಇಪ್ಪತ್ತಾಯಿತು. ಅಂದಿನಿಂದ ಅವರು ಎಣಿಸಲಿಲ್ಲ. ಹಂಡೆಗೆ ಸೌದೆ ಒಟ್ಟುವುದು, ಸೀರೆ ಹಿಂಡುವುದು ಇಷ್ಟೇ. ಹೊಸಬರು ಬಂದಾಗ ಹಳಬರು ಪಿಸುಗುಟ್ಟುತ್ತಿದ್ದರು: "ಅವ್ರೇ ನೋಡಿ, ಆ ಸೂಜಿ ಬಿಟ್ಟೋರು." ಹಾಗೆ ಪಿಸುಗುಟ್ಟಿದ ಪ್ರತಿಯೊಬ್ಬರೂ ನನಗೆ ಗೊತ್ತು. ಅವರಲ್ಲಿ ಒಬ್ಬರನ್ನೂ ನಾನು ತಡೆಯಲಿಲ್ಲ. ನನ್ನ ಪುಸ್ತಕದಲ್ಲಿ 'ಒಂದು ಹೆಚ್ಚು' ಹಾಗೆಯೇ ಉಳಿಯಿತು. ಯಾರೂ ನನ್ನನ್ನು ಕೇಳಲಿಲ್ಲ. ಟೀಚರಮ್ಮನ ಅಕ್ಷರವನ್ನು ಪ್ರಶ್ನಿಸುವವರು ಯಾರಿದ್ದಾರೆ?

ಶ್ರದ್ಧಾಂಜಲಿಯ ಮರುದಿನ ಅಕ್ಕಯ್ಯನ ಮನೆಗೆ ಹೋಗಿದ್ದೆ. ಸೊಸೆ ಕಾಫಿ ಕೊಟ್ಟಳು. ಹಿಂಜರಿಯುತ್ತ ಕೇಳಿದೆ, ಆ ಸೂಜಿಯ ವಿಚಾರ ಅತ್ತೆ ಮನೆಯಲ್ಲಿ ಏನಾದರೂ ಹೇಳಿದ್ದರೇ ಎಂದು.

"ಒಂದ್ಸಲ ಅಂದಿದ್ರು ಮೇಡಮ್ಮ. ನಮ್ ಡಬ್ಬದ್ದೊಂದು ಟೀಚರಮ್ಮನ್ ತಾವ ಐತೆ, ಯಾರೂ ಕೇಳ್ಬ್ಯಾಡಿ, ಅವ್ರೇ ಕೊಡ್ತಾರೆ ಅಂತ." ಬಾಗಿಲಿಗೆ ಒರಗಿ ನಿಂತು, "ಏನು ಮೇಡಮ್ಮ ಅದು?" ಎಂದಳು. ಕಾಫಿ ಬಿಸಿಯಿದ್ದರೂ ಒಂದೇ ಗುಟುಕಿಗೆ ಕುಡಿದು ಎದ್ದು ಬಂದೆ.

ಆ ಸೂಜಿ ಈಗ ಈ ಹಾಳೆಯ ಪಕ್ಕದಲ್ಲಿದೆ. ನೀಲಿ ದಾರ ಮಾಸಿದೆ, ಮೊನೆ ಮಾಸಿಲ್ಲ. ನಾಳೆ ಶುಕ್ರವಾರ. ಹೊಲಿಗೆ ಮುಗಿಯುವ ಹೊತ್ತಿಗೆ ಇದನ್ನು ಡಬ್ಬದ ಕಂಬಳಿಗೆ ಚುಚ್ಚುತ್ತೇನೆ. ಅರಕಲಗೂಡಿನ ಸದಸ್ಯೆ ಎಣಿಸುತ್ತಾರೆ. ಇಪ್ಪತ್ತೊಂದಾಗುತ್ತದೆ. "ಒಂದು ಹೆಚ್ಚಿದೆ ಮೇಡಂ" ಎನ್ನುತ್ತಾರೆ. ಆ ಮಾತಿನ ಹಳೆಯ ಅರ್ಥ ಹೊಳೆದೊಡನೆ ಜಗಲಿಯ ಮೇಲಿರುವ ಎಲ್ಲರ ಮುಖವೂ ಬಿಳಿಚಿಕೊಳ್ಳುತ್ತದೆ, ಕೈಗಳು ಹಾಸುಬಟ್ಟೆಗಳ ಕಡೆಗೆ ಹೋಗುತ್ತವೆ. ಅವು ಬಟ್ಟೆಯನ್ನು ಮುಟ್ಟುವುದರೊಳಗೆ ನಾನು ಎದ್ದು ನಿಂತಿರಬೇಕು.